ಮೆಕ್ಕೆಜೋಳದ ರಸಮೇವಿಗೆ ಬೆಲ್ಲ ಎಷ್ಟು, ಮೇವು ಎಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ ತಾಲ್ಲೂಕಿನ ಮಾಯಕೊಂಡದ ಕಡೆ ನಮ್ಮ ಊರು. ನಾಲ್ಕು ಹಸು ಕಟ್ಟಿದ್ದೇವೆ. ಮಳೆ ನಂಬಿದ ಹೊಲ. ಬೇಸಿಗೆಯಲ್ಲಿ ಹಸಿರು ಅನ್ನುವುದು ಕಣ್ಣಿಗೂ ಸಿಗುವುದಿಲ್ಲ. ಅದಕ್ಕೇ ಏಳು ವರ್ಷದಿಂದ ಮೆಕ್ಕೆಜೋಳದ ರಸಮೇವು ಮಾಡುತ್ತಿದ್ದೇವೆ. ಇದನ್ನೇ ಎಲ್ಲರೂ ಸೈಲೇಜ್ ಅನ್ನುತ್ತಾರೆ. ಡೈರಿಗೆ ಹಾಲು ಹಾಕಲು ಹೋದಾಗ, ಸಂತೆಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ತವರಿನ ಚಳ್ಳಕೆರೆ ಕಡೆಯಿಂದ ಬರುವ ಫೋನಿನಲ್ಲಿ ಅದೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಅದರಲ್ಲೂ ಬೆಲ್ಲದ ಪ್ರಶ್ನೆ. ಕೇಳಿದವರ ಮಾತಿನಲ್ಲೇ ಪ್ರಶ್ನೆ ಬರೆದು, ನಾನು ಕೊಡುವ ಉತ್ತರವನ್ನು ಕೆಳಗೆ ಇಟ್ಟಿದ್ದೇನೆ.

## ಹೊಸದಾಗಿ ಮಾಡುವವರು ಕೇಳುವವು

ಅಕ್ಕಾ, ರಸಮೇವು ಅಂದ್ರೆ ಹಸಿ ಮೇವು ಕೊಳೆ ಹಾಕೋದು ತಾನೇ?

ಅಲ್ಲ. ಕೊಳೆಯುವುದು ಬೇರೆ, ಹುಳಿಯುವುದು ಬೇರೆ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಿಗ್ಗೆ ಹುಳಿ ಬಂದಿರುತ್ತದೆ, ಅಲ್ವಾ? ಅದನ್ನು ಕೊಳೆತಿದೆ ಅಂತ ಯಾರೂ ಅನ್ನುವುದಿಲ್ಲ. ಮೇವಿನಲ್ಲೂ ಹೆಚ್ಚುಕಡಿಮೆ ಅದೇ ನಡೆಯುತ್ತದೆ.

ಹಸಿ ದಂಟಿನಲ್ಲಿ ಸಕ್ಕರೆ ಇರುತ್ತದೆ. ಮೇವನ್ನು ಕತ್ತರಿಸಿ, ಗುಂಡಿಯಲ್ಲಿ ಗಾಳಿ ಇಲ್ಲದಂತೆ ಒತ್ತಿ ಮುಚ್ಚಿಟ್ಟರೆ, ಎಲೆಯ ಮೇಲೇ ಇರುವ ಒಳ್ಳೆಯ ಬ್ಯಾಕ್ಟೀರಿಯಾ ಆ ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಮೊಸರಿನ ಹುಳಿಯೂ ಅದೇ ಆಮ್ಲ. ಪಿಎಚ್ ಅಂದರೆ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಕೊಯ್ದಾಗ ಮೇವಿನ ಪಿಎಚ್ 6ರ ಹತ್ತಿರ ಇರುತ್ತದೆ. ಹುಳಿ ಬಂದ ಮೇಲೆ 4ರ ಆಸುಪಾಸಿಗೆ ಇಳಿಯುತ್ತದೆ. ಆ ಹುಳಿಯಲ್ಲಿ ಕೊಳೆಸುವ ಜೀವಿಗಳು ಬದುಕುವುದಿಲ್ಲ. ಹುಳಿಯುವ ಕೆಲಸ ಮೂರು ವಾರದಲ್ಲಿ ಬಹುತೇಕ ಮುಗಿಯುತ್ತದೆ, ಆದರೂ 45 ದಿನ ಬಿಟ್ಟು ತೆರೆಯುವುದು ಒಳ್ಳೆಯದು. ಗಾಳಿ ಹೋಗದಂತೆ ಇಟ್ಟರೆ ವರ್ಷ ಕಳೆದರೂ ಕೆಡದು.

ಎಷ್ಟು ದಿನಕ್ಕೆ ಕೊಯ್ಬೇಕು? ದಿನದ ಲೆಕ್ಕ ಹೇಳಿ ಸಾಕು.

ದಿನದ ಲೆಕ್ಕ ಸಾಕಾಗುವುದಿಲ್ಲ. ಸಾಮಾನ್ಯವಾಗಿ 80ರಿಂದ 90 ದಿನ. ಆದರೆ ತಳಿ, ಮಳೆ, ಬಿತ್ತಿದ ಹೊತ್ತು ನೋಡಿಕೊಂಡು ಹಿಂದೆ ಮುಂದೆ ಆಗುತ್ತದೆ. ತೆನೆಯನ್ನೇ ಕೇಳಬೇಕು.

ಹೊಲದ ನಡುವಿನಿಂದ ನಾಲ್ಕೈದು ತೆನೆ ಮುರಿದು, ಒಂದೊಂದನ್ನೂ ಅರ್ಧಕ್ಕೆ ತುಂಡು ಮಾಡಿ. ಕಾಳಿನ ನೆತ್ತಿಯ ಕಡೆ ಗಟ್ಟಿ ಹಳದಿ ಇರುತ್ತದೆ, ಬುಡದ ಕಡೆ ಬಿಳಿ ಹಾಲು. ನಡುವೆ ಒಂದು ಗೆರೆ ಕಾಣುತ್ತದೆ. ಆ ಗೆರೆ ಕಾಳಿನ ಅರ್ಧಕ್ಕೆ ಬಂದಾಗಿನಿಂದ ಮುಕ್ಕಾಲಿಗೆ ಇಳಿಯುವ ಮೊದಲು ಕೊಯ್ಯಬೇಕು. ಆಗ ಇಡೀ ಗಿಡದಲ್ಲಿ ನೂರಕ್ಕೆ 30ರಿಂದ 35 ಭಾಗ ಒಣ ಅಂಶ ಇರುತ್ತದೆ, ಉಳಿದದ್ದು ನೀರು. ಅದಕ್ಕಿಂತ ಎಳೆಯದಾದರೆ ಗುಂಡಿಯ ತಳಕ್ಕೆ ರಸ ಸೋರಿ, ಸಕ್ಕರೆಯೂ ಅದರ ಜೊತೆ ಹೋಗುತ್ತದೆ. ಬಲಿತರೆ ದಂಟು ಬಿರುಸಾಗಿ ಎಷ್ಟು ತುಳಿದರೂ ಕೂರುವುದಿಲ್ಲ, ಸಂದಿಯಲ್ಲಿ ಗಾಳಿ ಉಳಿಯುತ್ತದೆ.

ಜೂನ್ ಕೊನೆಗೆ ಬಿತ್ತಿದ್ದು ಸೆಪ್ಟೆಂಬರ್ ನಡುವೆ ಈ ಹಂತಕ್ಕೆ ಬರುತ್ತದೆ. ನಮ್ಮ ಕಡೆ ಆಗ ಮಳೆಯೂ ಇರುತ್ತದೆ. ಎರಡು ದಿನ ಬಿಸಿಲು ಸಿಕ್ಕಿದರೆ ಬೇರೆ ಕೆಲಸ ಬಿಟ್ಟು ಇದಕ್ಕೆ ನಿಲ್ಲಿ. ಸೈನಿಕ ಹುಳುವಿಗೆ ಔಷಧಿ ಹೊಡೆದಿದ್ದರೆ ಡಬ್ಬಿಯ ಮೇಲೆ ಬರೆದಷ್ಟು ದಿನ ಕಾದೇ ಕೊಯ್ಯಬೇಕು. 2018ರಲ್ಲಿ ಆ ಹುಳು ನಮ್ಮ ರಾಜ್ಯಕ್ಕೆ ಕಾಲಿಟ್ಟ ಮೇಲೆ ಈ ಮಾತು ಮರೆಯುವ ಹಾಗಿಲ್ಲ.

ಮೆಕ್ಕೆಜೋಳಕ್ಕೆ ಬೆಲ್ಲ ಹಾಕ್ಲೇಬೇಕಾ?

ತೆನೆ ಸಮೇತ, ಸರಿಯಾದ ಹೊತ್ತಿನಲ್ಲಿ ಕೊಯ್ದ ಮೆಕ್ಕೆಜೋಳಕ್ಕೆ ಒಂದು ತುಂಡು ಬೆಲ್ಲವೂ ಬೇಡ.

ಈ ಮಾತು ಹೇಳಿದರೆ ಜನ ನಂಬುವುದಿಲ್ಲ. ಎಲ್ಲರ ತಲೆಯಲ್ಲೂ "ಟನ್ನಿಗೆ ಹತ್ತು ಕೆಜಿ ಬೆಲ್ಲ" ಅಂತ ಕೂತುಬಿಟ್ಟಿದೆ. ಎಲ್ಲಿಂದ ಬಂತು, ಯಾವ ಮೇವಿಗೆ ಹೇಳಿದ್ದು ಅಂತ ಕೇಳುವವರಿಲ್ಲ. ಒಳ್ಳೆಯ ಹುಳಿ ಬರಲು ಒಂದು ಟನ್ ಹಸಿ ಮೇವಿನಲ್ಲಿ ಸುಮಾರು 30 ಕೆಜಿ ಸಕ್ಕರೆ ಇದ್ದರೆ ಸಾಕು. ನೂರಕ್ಕೆ 32 ಒಣ ಅಂಶವಿರುವ ಒಂದು ಟನ್ ಮೆಕ್ಕೆಜೋಳದಲ್ಲಿ ಒಣ ತೂಕ 320 ಕೆಜಿ. ಅದರ ಹತ್ತನೇ ಒಂದು ಭಾಗ ಸಕ್ಕರೆ ಅಂದರೂ 32 ಕೆಜಿ ಆಯಿತು. ಗಿಡವೇ ಹೊತ್ತು ತಂದಿದೆ. ಅದರ ಮೇಲೆ ಹಾಕುವ ಬೆಲ್ಲ, ಸಕ್ಕರೆಯನ್ನು ಹೆಂಡ ಮಾಡುವ ಯೀಸ್ಟ್ ಎಂಬ ಜೀವಿಗೆ ಹಬ್ಬ ಅಷ್ಟೇ.

ಬೆಲ್ಲ ಬೇಕಾಗುವುದು ಸಕ್ಕರೆ ಕಮ್ಮಿ ಇರುವ ಮೇವಿಗೆ: ನೇಪಿಯರ್ ಹುಲ್ಲು, ಬದುವಿನ ಹುಲ್ಲು, ಅಲಸಂದೆ ಅಥವಾ ಹುರುಳಿಯಂಥ ಬಳ್ಳಿ. ಅದರ ಲೆಕ್ಕ ಮುಂದೆ ಇದೆ.

ಉಪ್ಪು ಎಷ್ಟು?

ಟನ್ನಿಗೆ 5 ಕೆಜಿ ಸಾಕು. ಇದು ಹುಳಿಗೆ ಅಲ್ಲ, ರುಚಿಗೆ. ಹಾಕದಿದ್ದರೂ ಮೇವು ಕೆಡುವುದಿಲ್ಲ. ಹಾಕಿದರೆ ಹಿಂಡಿ ಬೂಸಾಕ್ಕೆ ಬೆರೆಸುವ ಉಪ್ಪು ಅಷ್ಟು ಕಡಿಮೆ ಮಾಡಿ.

ಕೈಯಲ್ಲೇ ಕೊಚ್ಚಿ ಹಾಕಿದ್ರೆ ನಡೆಯುತ್ತಾ?

ಒಂದೆರಡು ಹಸುವಿಗಾದರೆ ನಡೆಯುತ್ತದೆ, ಆದರೆ ತುಂಡು ಒಂದರಿಂದ ಎರಡು ಸೆಂಟಿಮೀಟರ್ ಇರಬೇಕು. ಮಚ್ಚಿನಲ್ಲಿ ಅಷ್ಟು ಸಣ್ಣಗೆ ಕೊಚ್ಚುವುದು ಕಷ್ಟ. ಮೇವು ಕತ್ತರಿಸುವ ಯಂತ್ರ (ಚಾಫ್ ಕಟರ್) ಬಾಡಿಗೆಗೆ ತನ್ನಿ. ಉದ್ದ ತುಂಡುಗಳ ನಡುವೆ ಗಾಳಿ ನಿಂತರೆ ಉಳಿದ ಶ್ರಮವೆಲ್ಲ ವ್ಯರ್ಥ.

## ಲೆಕ್ಕದ ಪ್ರಶ್ನೆಗಳು

ನಾಲ್ಕು ಹಸು ಇದಾವೆ. ಬೇಸಿಗೆಗೆ ಎಷ್ಟು ಟನ್ ಬೇಕು, ಎಷ್ಟು ಹೊಲ ಬಿಡ್ಬೇಕು?

ಹತ್ತು ಲೀಟರ್ ಹಾಲು ಕೊಡುವ ಮಿಶ್ರತಳಿ ಹಸುವಿಗೆ, ಒಣ ಹುಲ್ಲು ಮತ್ತು ಹಿಂಡಿಯ ಜೊತೆ, ದಿನಕ್ಕೆ 20 ಕೆಜಿ ರಸಮೇವು ಅಂತ ಇಟ್ಟುಕೊಳ್ಳಿ. ಫೆಬ್ರುವರಿಯಿಂದ ಮೇ ತನಕ 120 ದಿನ. 4 ಹಸು, 20 ಕೆಜಿ, 120 ದಿನ ಗುಣಿಸಿದರೆ 9,600 ಕೆಜಿ.

ಇಲ್ಲಿಗೇ ನಿಲ್ಲಿಸಬೇಡಿ. ಹುಳಿಯುವಾಗ ಸ್ವಲ್ಪ ತೂಕ ಹೋಗುತ್ತದೆ. ಮೇಲ್ಪದರ, ಅಂಚು ಕೆಡುತ್ತದೆ. ನೂರಕ್ಕೆ 15 ನಷ್ಟ ಅಂತ ಹಿಡಿಯಿರಿ. 9,600ನ್ನು 0.85ರಿಂದ ಭಾಗಿಸಿದರೆ ಸುಮಾರು 11,300 ಕೆಜಿ. ಅಷ್ಟು ಹಸಿ ಮೇವು ತುಂಬಬೇಕು.

ಹೊಲದಲ್ಲಿ ಎಷ್ಟಿದೆ ಅಂತ ಕಣ್ಣಂದಾಜು ಬೇಡ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ ಅಳೆದು, ಅದರಲ್ಲಿರುವ ಗಿಡಗಳನ್ನು ಕೊಯ್ದು ತೂಗಿ. ಐದು ಜಾಗದಲ್ಲಿ ಹೀಗೆ ಮಾಡಿ ಸರಾಸರಿ ತೆಗೆಯಿರಿ. ಬದುವಿನ ಪಕ್ಕದ ದಪ್ಪ ಗಿಡಗಳನ್ನೇ ಆರಿಸಿಕೊಳ್ಳಬಾರದು. ಸರಾಸರಿ 3.2 ಕೆಜಿ ಬಂತು ಅನ್ನಿ. ಒಂದು ಗುಂಟೆ ಅಂದರೆ 101 ಚದರ ಮೀಟರ್, ಆದ್ದರಿಂದ ಗುಂಟೆಗೆ 323 ಕೆಜಿ. 11,300 ಕೆಜಿಗೆ 35 ಗುಂಟೆ ಬೇಕು. ಎಕರೆಯಲ್ಲಿ ಐದು ಗುಂಟೆ ಉಳಿಯಿತು.

ಗುಂಡಿ ಅಳತೆ ಎಷ್ಟಿರ್ಲಿ?

ಇದರಲ್ಲಿ ನಾವು ಪೆಟ್ಟು ತಿಂದಿದ್ದೇವೆ, ಅದಕ್ಕೇ ಬಿಡಿಸಿ ಹೇಳುತ್ತೇನೆ.

ಚೆನ್ನಾಗಿ ತುಳಿದ ಮೆಕ್ಕೆಜೋಳ ಒಂದು ಘನ ಅಡಿಗೆ ಸುಮಾರು 15 ಕೆಜಿ ಹಿಡಿಯುತ್ತದೆ. 11,300ನ್ನು 15ರಿಂದ ಭಾಗಿಸಿದರೆ 753 ಘನ ಅಡಿ. ಮೊದಲ ವರ್ಷ ನಾವು ಇಷ್ಟೇ ಲೆಕ್ಕ ಹಾಕಿ 19 ಅಡಿ ಉದ್ದ, 8 ಅಡಿ ಅಗಲ, 5 ಅಡಿ ಆಳದ ಗುಂಡಿ ತೆಗೆಸಿದೆವು. 760 ಘನ ಅಡಿ, ಲೆಕ್ಕ ಸರಿಯಾಗಿಯೇ ಇತ್ತು. ಮೇವೂ ಚೆನ್ನಾಗಿ ಹುಳಿ ಬಂದಿತ್ತು. ತೆರೆದು ಎರಡು ವಾರಕ್ಕೆ, ಮೇವು ತೆಗೆಯುವ ಎದುರಿನ ಮುಖ ಕೈ ಇಟ್ಟರೆ ಬಿಸಿ. ಬೂಷ್ಟು ಹಿಡಿಯಿತು. ಗಾಡಿಗಟ್ಟಲೆ ತಿಪ್ಪೆಗೆ ಹಾಕಿದೆವು. ಅವತ್ತು ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ತಪ್ಪು ಎಲ್ಲಿತ್ತು ಅಂದರೆ, ತುಂಬುವ ಲೆಕ್ಕ ಮಾಡಿದ್ದೆವು, ತೆಗೆಯುವ ಲೆಕ್ಕ ಮಾಡಿರಲಿಲ್ಲ. ತೆರೆದ ಮುಖಕ್ಕೆ ಗಾಳಿ ಬಡಿಯುತ್ತದೆ. ಅದು ಬಿಸಿಯಾಗುವ ಮೊದಲೇ ಆ ಪದರ ಹಸುವಿನ ಹೊಟ್ಟೆ ಸೇರಬೇಕು. ನಮ್ಮ ಬಿಸಿಲಿಗೆ ದಿನಕ್ಕೆ ಕಡಿಮೆ ಅಂದರೂ 4 ಇಂಚು ದಪ್ಪ, ಆದರೆ 6 ಇಂಚು, ಇಡೀ ಮುಖದಿಂದ ತೆಗೆಯಬೇಕು. ನಮಗೆ ದಿನಕ್ಕೆ ಬೇಕಾದದ್ದು 80 ಕೆಜಿ, ಅಂದರೆ ಸುಮಾರು ಐದೂಕಾಲು ಘನ ಅಡಿ. 8 ಅಡಿ ಅಗಲ, 5 ಅಡಿ ಎತ್ತರದ ಮುಖದಿಂದ ಅಷ್ಟು ತೆಗೆದರೆ ಎರಡು ಇಂಚೂ ಸರಿಯುವುದಿಲ್ಲ.

ಹಾಗಾಗಿ ಮೊದಲು ಮುಖದ ಅಳತೆ ಹಾಕಿ. ದಿನದ ಐದೂಕಾಲು ಘನ ಅಡಿಯನ್ನು 4 ಇಂಚಿಗೆ, ಅಂದರೆ ಅಡಿಯ ಮೂರನೇ ಒಂದು ಭಾಗಕ್ಕೆ ಭಾಗಿಸಿ. 16 ಚದರ ಅಡಿ ಬರುತ್ತದೆ. 4 ಅಡಿ ಅಗಲ, 4 ಅಡಿ ಆಳ. 753 ಘನ ಅಡಿಗೆ 47 ಅಡಿ ಉದ್ದ. ಒಂದೇ ಉದ್ದ ಗುಂಡಿಗಿಂತ 24 ಅಡಿಯ ಎರಡು ಗುಂಡಿ ಮಾಡಿದರೆ ಒಂದೊಂದನ್ನೂ ಒಂದೇ ದಿನದಲ್ಲಿ ತುಂಬಿ ಮುಚ್ಚಬಹುದು. ಈಗ ನಮ್ಮಲ್ಲಿ ಹಾಗೇ ಇದೆ. ನೀರು ನಿಲ್ಲದ ದಿಣ್ಣೆಯ ಜಾಗ ನೋಡಿಕೊಳ್ಳಿ.

ಒಂದೆರಡು ಹಸು ಇದ್ದವರು ಗುಂಡಿಯ ಗೊಡವೆಗೆ ಹೋಗದೆ 50 ಕೆಜಿಯ ಬ್ಯಾಗ್‌ಗಳಲ್ಲಿ ಮಾಡಿ. ಎರಡು ಹಸುವಿಗೆ ದಿನಕ್ಕೊಂದು ಬ್ಯಾಗ್ ತೆರೆದರೆ ಕೆಡಲು ಹೊತ್ತೇ ಸಿಗುವುದಿಲ್ಲ. ಇಲಿ ಕಡಿದ ತೂತಿಗೆ ಆವತ್ತೇ ಟೇಪ್ ಹಚ್ಚಬೇಕು.

ಒಣ ಅಂಶ ಒಣ ಅಂಶ ಅಂತೀರಲ್ಲ, ಮನೇಲಿ ಅದನ್ನ ಅಳೆಯೋದು ಹೇಗೆ?

ಸುಲಭದ್ದು ಮುಷ್ಟಿ ಪರೀಕ್ಷೆ. ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಅರ್ಧ ನಿಮಿಷ ಬಿಗಿಯಾಗಿ ಹಿಂಡಿ, ಕೈ ಬಿಚ್ಚಿ. ಬೆರಳ ಸಂದಿಯಿಂದ ರಸ ತೊಟ್ಟಿಕ್ಕಿದರೆ ನೀರು ಜಾಸ್ತಿ. ಉಂಡೆ ಹಾಗೇ ಗಟ್ಟಿ ನಿಂತರೆ ಇನ್ನೂ ಸ್ವಲ್ಪ ಹಸಿ. ಉಂಡೆ ನಿಧಾನವಾಗಿ ಬಿಚ್ಚಿಕೊಂಡು, ಅಂಗೈ ತೇವ ಮಾತ್ರ ಇದ್ದರೆ ಸರಿಯಾದ ಹದ. ಪಟ್ಟನೆ ಉದುರಿದರೆ ಬಲಿತು ಒಣಗಿದೆ.

ಸರಿಯಾದ ಅಂಕಿ ಬೇಕು ಅಂದರೆ ಅಡುಗೆ ಮನೆಯ ಡಿಜಿಟಲ್ ತಕ್ಕಡಿಯಲ್ಲಿ 200 ಗ್ರಾಂ ತೂಗಿ. ಒಂದು ದಿನ ಬಿಸಿಲಿಗೆ ಹರವಿ, ಆಮೇಲೆ ದಪ್ಪ ಹೆಂಚಿನ ಮೇಲೆ ಸಣ್ಣ ಉರಿಯಲ್ಲಿ, ಸೀಯದಂತೆ ಕೈಯಾಡಿಸುತ್ತಾ ಒಣಗಿಸಿ. ನಡುನಡುವೆ ತೂಗಿ. ತೂಕ ಇಳಿಯುವುದು ನಿಂತಾಗ 64 ಗ್ರಾಂ ಉಳಿದಿದ್ದರೆ, ಒಣ ಅಂಶ ನೂರಕ್ಕೆ 32.

ನೇಪಿಯರ್ ಹುಲ್ಲಿಗೆ ಬೆಲ್ಲ ಎಷ್ಟು? ಲೆಕ್ಕ ಬಿಡಿಸಿ ಹೇಳಿ, ಬರೀ ಅಂಕಿ ಬೇಡ.

ಹೀಗೆ ಕೇಳುವವರು ನನಗೆ ತುಂಬಾ ಇಷ್ಟ. ಮೂರು ಹೆಜ್ಜೆ: ಮೇವಿನಲ್ಲಿ ಎಷ್ಟಿದೆ, ಎಷ್ಟು ಬೇಕು, ಕಮ್ಮಿ ಬಿದ್ದದ್ದನ್ನು ತುಂಬಲು ಬೆಲ್ಲ ಎಷ್ಟು.

ಆಗಷ್ಟೇ ಕೊಯ್ದ ನೇಪಿಯರ್‌ನಲ್ಲಿ ಒಣ ಅಂಶ ನೂರಕ್ಕೆ 20 ಅನ್ನಿ. ಒಂದು ಟನ್ನಿಗೆ 200 ಕೆಜಿ. ಅದರಲ್ಲಿ ಸಕ್ಕರೆ ನೂರಕ್ಕೆ 7 ಅಂತ ಹಿಡಿದರೆ 14 ಕೆಜಿ. ನಮಗೆ ಬೇಕಾದದ್ದು 30. ಕೊರತೆ 16 ಕೆಜಿ. ಬೆಲ್ಲ ಪೂರ್ತಿ ಸಕ್ಕರೆಯಲ್ಲ, ನೂರು ಕೆಜಿಯಲ್ಲಿ ಸುಮಾರು 80 ಕೆಜಿ ಸಕ್ಕರೆ ಅಂತ ಇಟ್ಟುಕೊಳ್ಳಿ. 16ನ್ನು 0.8ರಿಂದ ಭಾಗಿಸಿದರೆ 20 ಕೆಜಿ. ಟನ್ನಿಗೆ 20 ಕೆಜಿ ಬೆಲ್ಲ.

ಈಗ ಅದೇ ಹುಲ್ಲನ್ನು ಬೆಳಿಗ್ಗೆ ಕೊಯ್ದು ಬಿಸಿಲಲ್ಲಿ ಬಾಡಿಸಿ. ಒಣ ಅಂಶ 28ಕ್ಕೆ ಬಂದರೆ ಒಂದು ಟನ್ ಹುಲ್ಲು 714 ಕೆಜಿಗೆ ಇಳಿಯುತ್ತದೆ. ಹೋದದ್ದು ನೀರು. ಸಕ್ಕರೆಯಲ್ಲಿ ಸ್ವಲ್ಪ ಮಾತ್ರ ಗಿಡದ ಉಸಿರಾಟಕ್ಕೆ ಹೋಗುತ್ತದೆ. ಬಾಡಿದ ಟನ್ನಿಗೆ ಈಗ 18 ಕೆಜಿ ಸಕ್ಕರೆ ಇದೆ ಅನ್ನಿ. ಕೊರತೆ 12, ಬೆಲ್ಲ 15 ಕೆಜಿ. ನಮ್ಮ 714 ಕೆಜಿಗೆ 11 ಕೆಜಿ ಸಾಕು. ಅರ್ಧ ದಿನದ ಬಿಸಿಲು 9 ಕೆಜಿ ಬೆಲ್ಲ ಉಳಿಸಿತು!

ಇನ್ನೂ ಒಳ್ಳೆಯ ದಾರಿ ಇದೆ. ಬಾಡಿಸದ ನೇಪಿಯರ್ ಒಂದು ಟನ್, ತೆನೆ ಸಮೇತ ಮೆಕ್ಕೆಜೋಳ ಒಂದು ಟನ್ ಬೆರೆಸಿ. ಎರಡರ ಸಕ್ಕರೆ 14 ಮತ್ತು 32 ಸೇರಿ 46. ಟನ್ನಿಗೆ 23. ಕೊರತೆ ಬರೀ 7, ಬೆಲ್ಲ 9 ಕೆಜಿ. ಹೊಲದ ಬದುವಿನಲ್ಲಿ ನೇಪಿಯರ್, ನಡುವೆ ಮೆಕ್ಕೆಜೋಳ ಇರುವವರಿಗೆ ಇದು ಹೇಳಿ ಮಾಡಿಸಿದ ಹಾಗಿದೆ.

ನೂರಕ್ಕೆ 7, 10 ಅನ್ನುವ ಸಕ್ಕರೆ ಅಂಕಿಗಳು ತಳಿ, ಬಿಸಿಲು, ಗೊಬ್ಬರ ನೋಡಿಕೊಂಡು ಬದಲಾಗುತ್ತವೆ. ಮೋಡ ಮುಚ್ಚಿದ ವಾರದಲ್ಲಿ ಕೊಯ್ದರೆ ಸಕ್ಕರೆ ಕಮ್ಮಿ, ಬಿಸಿಲಿನ ಮಧ್ಯಾಹ್ನ ಕೊಯ್ದರೆ ಜಾಸ್ತಿ. ಗಿಡ ಹಗಲಲ್ಲಿ ಸಕ್ಕರೆ ಮಾಡುತ್ತದೆ, ರಾತ್ರಿ ಖರ್ಚು ಮಾಡುತ್ತದೆ.

ಬೆಲ್ಲ ದುಬಾರಿ. ಮನೇಲಿ ಮೆಕ್ಕೆಜೋಳದ ನುಚ್ಚು ಇದೆ, ಅದನ್ನೇ ಹಾಕಿದ್ರೆ ಆಗಲ್ವಾ?

ನುಚ್ಚಿನಲ್ಲಿರುವುದು ಪಿಷ್ಟ. ಪಿಷ್ಟ ಅಂದರೆ ಸಕ್ಕರೆಯ ಕಣಗಳು ಸರಪಳಿ ಹಾಗೆ ಕೂಡಿಕೊಂಡದ್ದು. ಹುಳಿ ಮಾಡುವ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವಕ್ಕೆ ಆ ಸರಪಳಿ ಕಡಿಯಲು ಬರುವುದಿಲ್ಲ. ರಾಗಿ ಮೊಳಕೆ ಕಟ್ಟಿದಾಗ ಸಿಹಿಯಾಗುತ್ತದಲ್ಲ, ಅದು ಮೊಳಕೆಯೊಳಗಿನ ಕಿಣ್ವ ಪಿಷ್ಟವನ್ನು ಕಡಿದು ಸಕ್ಕರೆ ಮಾಡಿದ್ದರಿಂದ. ಒಣ ನುಚ್ಚಿನಲ್ಲಿ ಆ ಕಿಣ್ವದ ಕೆಲಸ ನಡೆದಿರುವುದಿಲ್ಲ. ಆದ್ದರಿಂದ ನುಚ್ಚು ಬೆಲ್ಲದ ಜಾಗ ತುಂಬುವುದಿಲ್ಲ.

ಆದರೆ ನೀರು ಹೀರಿಕೊಳ್ಳಲು ನುಚ್ಚು ಉಪಯೋಗವಾಗುತ್ತದೆ. ಒಣ ಅಂಶ 20 ಇರುವ ನೇಪಿಯರ್ ಒಂದು ಟನ್ನನ್ನು 28ಕ್ಕೆ ತರಲು ಎಷ್ಟು ಬೇಕು? ನುಚ್ಚಿನ ಒಣ ಅಂಶ 88 ಅಂದರೆ 133 ಕೆಜಿ. ಒಣ ಭತ್ತದ ಹುಲ್ಲು ಕತ್ತರಿಸಿ ಹಾಕಿದರೂ ಹೆಚ್ಚುಕಡಿಮೆ ಅಷ್ಟೇ, 129 ಕೆಜಿ. ನುಚ್ಚು ಹಾಕಿದರೆ ಮೇವಿಗೆ ಕಸುವು ಬರುತ್ತದೆ, ಆದರೆ ಒಂದು ಕ್ವಿಂಟಲ್‌ಗೂ ಮೇಲೆ ಕಾಳು ಹೋಗುತ್ತದೆ. ಬಿಸಿಲು ಇರುವಾಗ ಬಾಡಿಸಿ. ಮಳೆ ಬಿಡದಿದ್ದರೆ ಒಣ ಹುಲ್ಲು ಬೆರೆಸಿ. ನುಚ್ಚನ್ನು ಹಾಲು ಕರೆಯುವ ಹೊತ್ತಿಗೆ ಗೋದಲಿಗೆ ಹಾಕುವುದೇ ಲೇಸು.

ಬೆಲ್ಲದ ಬದಲು ಕಾಕಂಬಿ, ಸಕ್ಕರೆ?

ಸಕ್ಕರೆ 16 ಕೆಜಿ ಹಾಕಿದರೆ 20 ಕೆಜಿ ಬೆಲ್ಲಕ್ಕೆ ಸಮ. ಕಾಕಂಬಿಯಲ್ಲಿ (ಮೊಲಾಸಿಸ್) ಸಕ್ಕರೆ ಸುಮಾರು ಅರ್ಧ, ಹಾಗಾಗಿ 32 ಕೆಜಿ ಬೇಕು. ಅದು ನೀರಿಗಿಂತ ಭಾರ, ಲೀಟರಿಗೆ ಸುಮಾರು 1.4 ಕೆಜಿ ತೂಗುತ್ತದೆ, ಅಂದರೆ 23 ಲೀಟರ್. ಕಾಕಂಬಿ ಸಾಗಣೆ ಅಬಕಾರಿ ಇಲಾಖೆಯ ನಿಯಂತ್ರಣದಲ್ಲಿದೆ. ಕಂಡಕಂಡಲ್ಲಿ ಡ್ರಮ್ಮುಗಟ್ಟಲೆ ತರುವುದು ಬೇಡ. ನೀರು ಬಿಟ್ಟು ಮೆತ್ತಗಾದ ಕರಿ ಬೆಲ್ಲ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಬೂಷ್ಟು ಹಿಡಿಯದಿದ್ದರೆ ಅದು ಈ ಕೆಲಸಕ್ಕೆ ಸಾಕು.

ಬೆಲ್ಲದ ನೀರು ಮೇಲೆ ಒಂದೇ ಸಲ ಹುಯ್ದ್ರೆ ಇಳಿಯಲ್ವಾ?

ಇಳಿಯುತ್ತದೆ, ಆದರೆ ಎಲ್ಲ ಕಡೆಗೂ ಅಲ್ಲ. ಒಂದು ಕಡೆ ಅತಿಯಾಗಿ, ಇನ್ನೊಂದು ಕಡೆ ಏನೂ ಇಲ್ಲದೆ ಹೋಗುತ್ತದೆ. ಪದರದ ಲೆಕ್ಕದಲ್ಲಿ ಹಾಕಿ. 4 ಅಡಿ ಅಗಲ, 24 ಅಡಿ ಉದ್ದದ ಗುಂಡಿಯಲ್ಲಿ ತುಳಿದ ಮೇಲೆ ಅರ್ಧ ಅಡಿ ನಿಲ್ಲುವ ಪದರ 48 ಘನ ಅಡಿ, 720 ಕೆಜಿ. ಟನ್ನಿಗೆ 20 ಕೆಜಿ ಅಂದರೆ ಆ ಪದರಕ್ಕೆ 14 ಕೆಜಿ ಚಿಲ್ಲರೆ ಬೆಲ್ಲ. ಬಿಸಿ ನೀರಲ್ಲಿ ಕರಗಿಸಿ, ಹಸಿ ಮೇವಿಗಾದರೆ ಬೆಲ್ಲದ ಕೆಜಿಗೆ ಒಂದು ಲೀಟರ್ ನೀರು ಸಾಕು. ಗಿಡಕ್ಕೆ ನೀರು ಹಾಕುವ ಝಾರಿಯಲ್ಲಿ ಚಿಮುಕಿಸಿ. ಆಮೇಲೆ ತುಳಿಯಿರಿ. ಅಂಚು, ಮೂಲೆಗಳನ್ನು ಜಾಸ್ತಿ ತುಳಿಯಬೇಕು, ಕೆಡುವುದು ಅಲ್ಲಿಂದಲೇ.

ತೆನೆ ಮುರಿದು ಮಾರಿ, ಬರೀ ದಂಟಲ್ಲಿ ರಸಮೇವು ಮಾಡಬಾರದಾ?

ದಂಟು ಹಸಿರಿದ್ದಾಗ ಆದರೆ ಮಾಡಬಹುದು. ಎಳೆ ತೆನೆ ಅಥವಾ ಸ್ವೀಟ್ ಕಾರ್ನ್ ಮುರಿದ ಹೊಲದಲ್ಲಿ ದಂಟಿನಲ್ಲಿ ಒಳ್ಳೆಯ ಸಿಹಿ ಇರುತ್ತದೆ, ಜಗಿದು ನೋಡಿದರೆ ಗೊತ್ತಾಗುತ್ತದೆ. ಬೆಲ್ಲ ಬೇಡ. ಒಂದೆರಡು ದಿನದಲ್ಲಿ ಕತ್ತರಿಸಿ ತುಂಬಿ. ಕಾಳಿಲ್ಲದ ಕಾರಣ ಕಸುವು ಮಾತ್ರ ಕಮ್ಮಿ.

ಕಾಳು ಪೂರ್ತಿ ಬಲಿತು ಮುರಿದ ಮೇಲೆ ಉಳಿಯುವ ಒಣ ದಂಟಿಗೆ ರಸಮೇವಿನ ದಾರಿ ಅಲ್ಲವೇ ಅಲ್ಲ. ಅದಕ್ಕೆ ಯೂರಿಯಾ ಉಪಚಾರ: 100 ಕೆಜಿ ಕತ್ತರಿಸಿದ ದಂಟಿಗೆ 4 ಕೆಜಿ ಯೂರಿಯಾವನ್ನು 50 ಲೀಟರ್ ನೀರಲ್ಲಿ ಪೂರ್ತಿ ಕರಗಿಸಿ ಚಿಮುಕಿಸಿ, 21 ದಿನ ಮುಚ್ಚಿಡುವುದು. ತೆಗೆದ ಮೇಲೆ ಗಾಳಿಗೆ ಹರವಿ, ದೊಡ್ಡ ದನಕ್ಕೆ ಮಾತ್ರ ಕೊಡಬೇಕು, ಆರು ತಿಂಗಳೊಳಗಿನ ಕರುವಿಗೆ ಬೇಡ. ಯೂರಿಯಾ ಅಳತೆ ತಪ್ಪಿದರೆ ಪ್ರಾಣಕ್ಕೇ ಬರುತ್ತದೆ. ಮೊದಲ ಸಲ ಪಶುವೈದ್ಯರನ್ನು ಕೇಳಿಯೇ ಮಾಡಿ.

ತೆನೆ ಸಮೇತ ತುಂಬುವುದೋ, ಕಾಳು ಮಾರುವುದೋ ಅಂತ ತೂಗುವವರಿಗೆ ಒಂದು ಅಂದಾಜು. ಎಕರೆಗೆ 13 ಟನ್ ಹಸಿ ಮೇವು, ಒಣ ತೂಕ 4.1 ಟನ್. ಅದರಲ್ಲಿ ಕಾಳು ನೂರಕ್ಕೆ 40 ಅಂದರೆ 16 ಕ್ವಿಂಟಲ್‌ಗೂ ಮೇಲೆ. ಅಷ್ಟು ಕಾಳು ಗುಂಡಿಗೆ ಹೋಗುತ್ತದೆ. ದಾವಣಗೆರೆ ಎಪಿಎಂಸಿಯ ಆ ದಿನದ ದರ ಹಾಕಿ, ಒಕ್ಕಣೆ ಕೂಲಿ, ಸಾಗಣೆ ಕಳೆದು ನೋಡಿ. ಬೇಸಿಗೆಯಲ್ಲಿ ಮೇವು ಕೊಳ್ಳುವ ಖರ್ಚನ್ನೂ ಆ ಪಕ್ಕದಲ್ಲಿ ಬರೆಯಿರಿ.

## ಒಂದೆರಡು ವರ್ಷ ಮಾಡಿದವರು ಕೇಳುವವು

ತೆರೆದಾಗ ಹೆಂಡದ ವಾಸನೆ ಬರ್ತಿದೆ. ಬೆಲ್ಲ ಕಮ್ಮಿ ಆಯ್ತಾ?

ಬಹಳ ಸಲ ಉಲ್ಟಾ, ಜಾಸ್ತಿ ಆಗಿರುತ್ತದೆ. ಇಲ್ಲ ಗಾಳಿ ಉಳಿದಿರುತ್ತದೆ. ಸಕ್ಕರೆಗೆ ಗುಂಡಿಯಲ್ಲಿ ಇಬ್ಬರು ಗಿರಾಕಿಗಳು. ಒಳ್ಳೆಯ ಬ್ಯಾಕ್ಟೀರಿಯಾ ತಿಂದರೆ ಒಂದು ಕೆಜಿ ಸಕ್ಕರೆ ಹೆಚ್ಚುಕಡಿಮೆ ಒಂದು ಕೆಜಿ ಆಮ್ಲವಾಗಿ ಮೇವಿನಲ್ಲೇ ಉಳಿಯುತ್ತದೆ. ಯೀಸ್ಟ್ ತಿಂದರೆ ಅರ್ಧ ಕೆಜಿಯಷ್ಟು ಆಲ್ಕೋಹಾಲ್, ಉಳಿದರ್ಧ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ. ಕಾಸು ಕೊಟ್ಟು ತಂದ ಬೆಲ್ಲದ ಅರ್ಧ ಹಾಗೇ ಹಾರಿಹೋಯಿತು. ಯೀಸ್ಟ್ ಇರುವ ಮೇವು ತೆರೆದ ಮೇಲೆ ಬೇಗ ಬಿಸಿಯೂ ಆಗುತ್ತದೆ. ಮುಂದಿನ ಸಲ ಬೆಲ್ಲದ ಲೆಕ್ಕ ಮತ್ತೆ ಹಾಕಿ, ಬೇಗ ತುಂಬಿ, ಆವತ್ತೇ ಮುಚ್ಚಿ.

ಬೇರೆ ವಾಸನೆಗಳೂ ಕಥೆ ಹೇಳುತ್ತವೆ. ಮೊಸರು, ಹಣ್ಣಿನ ಹುಳಿ ಬೆರೆತ ವಾಸನೆ, ತಿಳಿ ಹಳದಿ ಹಸಿರು ಬಣ್ಣ ಇದ್ದರೆ ಚೆನ್ನಾಗಿದೆ. ಕೆಟ್ಟ ತುಪ್ಪದ ಮುಗ್ಗಲು ವಾಸನೆ ಬಂದರೆ ಮೇವು ತೀರಾ ಹಸಿ ಇತ್ತು, ಅಥವಾ ಸಕ್ಕರೆ ಸಾಲಲಿಲ್ಲ. ಬೆಲ್ಲ ಕಮ್ಮಿ ಆದದ್ದರ ಗುರುತು ಅದು. ಹೊಗೆಸೊಪ್ಪಿನ ಹಾಗೆ ಕಂದಾಗಿ ಸುಟ್ಟ ವಾಸನೆ ಇದ್ದರೆ ಒಳಗೆ ಬಿಸಿಯಾಗಿದೆ, ಗಾಳಿ ಉಳಿದಿತ್ತು. ಬೂಷ್ಟು ಹಿಡಿದದ್ದನ್ನು, ಅದರ ಸುತ್ತಲಿನದನ್ನೂ ಸೇರಿಸಿ, ತಿಪ್ಪೆಗೆ ಹಾಕಿ. ಗಬ್ಬದ ಹಸುವಿಗೆ ಅದನ್ನು ಕೊಡಲೇಬಾರದು.

ಬೆಲ್ಲದ ಜೊತೆ ಮಜ್ಜಿಗೆ ಹಾಕಿದ್ರೆ ಬೇಗ ಹುಳಿ ಬರುತ್ತಂತೆ, ನಿಜಾನಾ?

ಮಜ್ಜಿಗೆಯ ಬ್ಯಾಕ್ಟೀರಿಯಾ ಹಾಲಿಗೆ ಪಳಗಿದವು. ಮೇವಿನಲ್ಲಿ ಅವುಗಳಿಂದ ಹೆಚ್ಚೇನೂ ಆಗುವುದಿಲ್ಲ, ಸುಮ್ನೆ ನೀರು ಜಾಸ್ತಿಯಾಗುತ್ತದೆ. ಮೇವಿಗೆಂದೇ ತಯಾರಿಸಿದ ಕಲ್ಚರ್, ಅಂದರೆ ಹುಳಿ ಬರಿಸುವ ಬ್ಯಾಕ್ಟೀರಿಯಾದ ಪೊಟ್ಟಣ, ಸಿಗುತ್ತದೆ. ಅದರಲ್ಲಿ ಹೆಚ್ಚಾಗಿ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್ ಇರುತ್ತದೆ. ಒಂದು ಗ್ರಾಂ ಮೇವಿಗೆ ಕನಿಷ್ಠ ಒಂದು ಲಕ್ಷ ಜೀವಕಣ ಬೀಳುವಂತೆ ಹಾಕಬೇಕು. ಪೊಟ್ಟಣದ ಮೇಲೆ ಗ್ರಾಮಿಗೆ 10,000 ಕೋಟಿ ಅಂತ ಬರೆದಿದ್ದರೆ ಒಂದು ಟನ್ನಿಗೆ ಒಂದು ಗ್ರಾಂ ಸಾಕು. ಕ್ಲೋರಿನ್ ಹಾಕಿದ ನಲ್ಲಿ ನೀರಲ್ಲಿ ಕಲಸಬೇಡಿ. ಇನ್ನೊಂದು ಮಾತು: ಸಕ್ಕರೆಯೇ ಇಲ್ಲದ ಮೇವಿಗೆ ಕಲ್ಚರ್ ಹಾಕುವುದು ಕಾಳಿಲ್ಲದ ಮನೆಗೆ ನೆಂಟರನ್ನು ಕರೆದ ಹಾಗೆ.

ಮಳೆ ಕೈಕೊಟ್ಟು ಸೊರಗಿದ ಮೆಕ್ಕೆಜೋಳ ಇದೆ. ಕಾಳು ಕಟ್ಟಿಲ್ಲ. ಗುಂಡಿಗೆ ಹಾಕ್ಲಾ?

ಚಳ್ಳಕೆರೆ, ಜಗಳೂರು ಕಡೆಯವರು ಈ ಪ್ರಶ್ನೆ ಜಾಸ್ತಿ ಕೇಳುತ್ತಾರೆ. ಹಾಕಬಹುದು, ಹಸಿಯಾಗಿ ತಿನ್ನಿಸುವುದಕ್ಕಿಂತ ಅದೇ ಮೇಲು. ಸೊರಗಿದ ಗಿಡದ ಬುಡದಲ್ಲಿ ನೈಟ್ರೇಟ್ ಕೂಡಿಕೊಂಡಿರುತ್ತದೆ. ಅದು ಜಾಸ್ತಿಯಾದರೆ ದನದ ರಕ್ತ ಚಾಕೊಲೇಟ್ ಬಣ್ಣಕ್ಕೆ ತಿರುಗಿ ಉಸಿರು ಕಟ್ಟುತ್ತದೆ. ಹುಳಿಯುವಾಗ ನೈಟ್ರೇಟ್ ಸಾಕಷ್ಟು ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ.

ಬುಡದಿಂದ ಒಂದು ಅಡಿ ಬಿಟ್ಟು ಕೊಯ್ಯಿರಿ. ಒಣಗಿದ ಮೇಲೆ ಒಂದು ಮಳೆ ಬಿದ್ದರೆ ಕನಿಷ್ಠ ಒಂದು ವಾರ ಕಾಯಿರಿ, ಮಳೆಯ ಮರುದಿನಗಳಲ್ಲೇ ನೈಟ್ರೇಟ್ ಏರುವುದು. 45 ದಿನಕ್ಕಿಂತ ಮೊದಲು ತೆರೆಯಬೇಡಿ. ಮೊದಲು ಸ್ವಲ್ಪವೇ, ಬೇರೆ ಮೇವಿನ ಜೊತೆ ಕೊಡಿ. ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರ, ಹಿರಿಯೂರಿನ ಬಬ್ಬೂರು ಫಾರಂ, ಇಲ್ಲವೇ ನಿಮ್ಮ ಪಶು ಆಸ್ಪತ್ರೆಯಲ್ಲಿ ತೋರಿಸಿಕೊಂಡು ಮುಂದುವರಿಯಿರಿ.

ತುಂಬಿ ಎರಡು ದಿನ ಆದ್ಮೇಲೆ ಮೇವು ಕುಸಿದಿದೆ. ಒಳಗಿಳಿದು ಮತ್ತೆ ತುಳೀಲಾ?

ದಯವಿಟ್ಟು ಬೇಡ. ನಮ್ಮ ಹಿರಿಯರು ಹಗೇವು, ಅಂದರೆ ಕಾಳು ತುಂಬಿಡುವ ನೆಲದ ಗುಂಡಿ, ತೆರೆದರೆ ಕೂಡಲೇ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯುತ್ತಿದ್ದ. ಮೇವಿನ ಗುಂಡಿಯಲ್ಲೂ ಮೊದಲ ವಾರಗಳಲ್ಲಿ ಭಾರದ ಗಾಳಿ ತಗ್ಗಿನಲ್ಲಿ ಕೂರುತ್ತದೆ. ಇಲ್ಲಿ ಇನ್ನೊಂದು ವಿಷಗಾಳಿಯೂ ಸೇರಿಕೊಳ್ಳಬಹುದು. ಹಳದಿ ಕಂದು ಬಣ್ಣ, ಬ್ಲೀಚಿಂಗ್ ಪುಡಿಯಂಥ ಘಾಟು ಇರುತ್ತದೆ. ಅದನ್ನು ದೀಪ ತೋರಿಸಿಕೊಡುವುದಿಲ್ಲ. ಕುಸಿದ ಜಾಗಕ್ಕೆ ಹೊರಗಿನಿಂದಲೇ ಹಾಳೆ ಎಳೆದು, ಮಣ್ಣು ಏರಿಸಿ. ಮಕ್ಕಳನ್ನು ಹತ್ತಿರ ಬಿಡಬೇಡಿ.

ರಸಮೇವು ಕೊಟ್ರೆ ಹಿಂಡಿ ನಿಲ್ಲಿಸಬಹುದಾ?

ಇಲ್ಲ. 20 ಕೆಜಿ ರಸಮೇವಿನಲ್ಲಿ ಒಣ ಅಂಶ 6.4 ಕೆಜಿ. ಅದರಲ್ಲಿ ಪ್ರೋಟೀನ್ ನೂರಕ್ಕೆ 8 ಅಂದರೆ ಅರ್ಧ ಕೆಜಿ. ಹತ್ತು ಲೀಟರ್ ಹಾಲಿನ ಹಸುವಿಗೆ ದಿನಕ್ಕೆ ಒಂದು ಕೆಜಿಗೂ ಮೇಲೆ ಬೇಕು. ಮೆಕ್ಕೆಜೋಳ ಕೊಡುವುದು ಶಕ್ತಿ, ಪ್ರೋಟೀನ್ ಅಲ್ಲ. ಉಳಿದದ್ದು ಶೇಂಗಾ ಹಿಂಡಿ, ಹತ್ತಿಕಾಳು ಹಿಂಡಿ, ಬೇಳೆ ಹೊಟ್ಟಿನಿಂದ ಬರಬೇಕು. ಚಳ್ಳಕೆರೆಯ ಎಣ್ಣೆ ಗಿರಣಿಗಳ ಶೇಂಗಾ ಹಿಂಡಿ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗೆ ಹತ್ತಿರವೇ ಸಿಗುತ್ತದೆ. ತರುವಾಗ ಬೂಷ್ಟು ನೋಡಿ ತನ್ನಿ.

ಶುರುವಿಗೆ 5 ಕೆಜಿ ಕೊಟ್ಟು, ವಾರ ಹತ್ತು ದಿನದಲ್ಲಿ 20ಕ್ಕೆ ಏರಿಸಿ. ಹಾಲು ಕರೆದ ಮೇಲೆ ಹಾಕಿ, ಇಲ್ಲದಿದ್ದರೆ ಹಾಲಿಗೆ ವಾಸನೆ ಹಿಡಿಯುತ್ತದೆ.

ಬೇಲ್ ಕಟ್ಟಿದ ಸೈಲೇಜ್ ಮಾರೋಕೆ ಬರ್ತಾರೆ. ಅಗ್ಗದ್ದು ಯಾವುದು ಅಂತ ಹೇಗೆ ನೋಡೋದು?

ಕೆಜಿ ದರ ನೋಡಬೇಡಿ, ಒಣ ಅಂಶದ ದರ ನೋಡಿ. ಒಂದು ಮಾತಿಗೆ, ಒಬ್ಬರು ಕೆಜಿಗೆ 8 ರೂಪಾಯಿ ಅಂತಾರೆ, ಒಣ ಅಂಶ ನೂರಕ್ಕೆ 33. ಇನ್ನೊಬ್ಬರು 7 ರೂಪಾಯಿ, ಒಣ ಅಂಶ 24. ಮೊದಲನೆಯದರಲ್ಲಿ ಒಣ ಅಂಶದ ಕೆಜಿಗೆ 24 ರೂಪಾಯಿ ಬೀಳುತ್ತದೆ, ಎರಡನೆಯದರಲ್ಲಿ 29. ಅಗ್ಗ ಅಂದುಕೊಂಡದ್ದೇ ದುಬಾರಿ, ಅದರಲ್ಲಿ ನೀರಿಗೆ ಕಾಸು ಕೊಟ್ಟಿರುತ್ತೀರಿ.

ಒಂದು ಬೇಲ್ ಬಿಚ್ಚಿಸಿ, 200 ಗ್ರಾಂ ಮನೆಗೆ ತಂದು ಹೆಂಚಿನ ಮೇಲೆ ಒಣಗಿಸಿ ನೋಡಿ. ಮುಷ್ಟಿ ತುಂಬಾ ತೆಗೆದು ಕಾಳು ಎಷ್ಟಿದೆ ಅಂತ ಬಿಡಿಸಿ ನೋಡಿ. ಇಡಿ ಕಾಳುಗಳು ಹಾಗೇ ಇದ್ದರೆ ಹಲವು ಸಗಣಿಯಲ್ಲಿ ಹೋಗುತ್ತವೆ, ಯಂತ್ರದಲ್ಲಿ ಒಡೆದಿರಬೇಕು. ಪಿಎಚ್ ಪಟ್ಟಿ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಮೇವು ಹಿಂಡಿದ ರಸಕ್ಕೆ ಅದ್ದಿ. 3.8ರಿಂದ 4.2ರೊಳಗೆ ಇದ್ದರೆ ಗಾಡಿ ಇಳಿಸಿಕೊಳ್ಳಿ. 5ಕ್ಕೆ ಮೇಲಿದ್ದರೆ ವಾಪಸ್ ಕಳಿಸಿ.